ಹಳೆಯ ಜೀಪಿನ ಮೀಟರ್ ಕೇಬಲ್: ಏಕೆ ತುಂಡಾಯಿತು ಎಂದು ತಿಳಿದು ಬದಲಿಸುವ ಬಗೆ

ಜೀಪು ಓಡುತ್ತಿದೆ, ಸ್ಪೀಡೋಮೀಟರ್ ಮುಳ್ಳು ಮಾತ್ರ ಸೊನ್ನೆ ಬಿಟ್ಟು ಏಳುತ್ತಿಲ್ಲ. ಹೆಚ್ಚಿನವರು ಆಗ ಮಾಡುವುದು ಒಂದೇ: ಅಂಗಡಿಗೆ ಹೋಗಿ ಹೊಸ ಕೇಬಲ್ ತಂದು ಹಾಕುವುದು. ಕೆಲವು ಸಲ ಅಷ್ಟಕ್ಕೇ ಸರಿಹೋಗುತ್ತದೆ. ಇನ್ನು ಕೆಲವು ಸಲ ಹೊಸ ಕೇಬಲ್ಲೂ ನಾಲ್ಕು ದಿನ ಓಡಿ ತುಂಡಾಗುತ್ತದೆ. ಹಳೆಯದನ್ನು ಮುರಿದ ಕಾರಣ ಮೀಟರಿನೊಳಗೋ, ಎಂಜಿನ್ ಬಲವನ್ನು ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನೊಳಗೋ ಹಾಗೇ ಉಳಿದಿರುವುದರಿಂದ ಹೀಗಾಗುತ್ತದೆ. ಕೇಬಲ್ ಬದಲಿಸುವುದು ಕಷ್ಟದ ಕೆಲಸವಲ್ಲ. ಅದು ಏಕೆ ಹೋಯಿತು ಎಂದು ಕಂಡುಹಿಡಿಯುವುದೇ ನಿಜವಾದ ಕೆಲಸ.

ಇಲ್ಲಿ ಮುಖ್ಯವಾಗಿ ಹೇಳುತ್ತಿರುವುದು ಅಮೆರಿಕದ ವಿಲ್ಲಿಸ್ ಸಿಜೆ-3ಬಿ ಜೀಪಿನ ವಿನ್ಯಾಸದಿಂದ ಬಂದ ಮಹೀಂದ್ರ ಜೀಪುಗಳ ಬಗ್ಗೆ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ಇವು ಈಗಲೂ ದಿನನಿತ್ಯ ದುಡಿಯುತ್ತಿವೆ. ಮಾರುತಿ ಜಿಪ್ಸಿಯಲ್ಲೂ ಕೇಬಲ್ ಟ್ರಾನ್ಸ್‌ಫರ್ ಕೇಸಿನಿಂದಲೇ ಹೊರಡುವುದರಿಂದ ಪತ್ತೆ ಮಾಡುವ ಕ್ರಮ ಅದಕ್ಕೂ ಹೊಂದುತ್ತದೆ. ಕೇಬಲ್ ಉದ್ದ, ನಟ್ಟಿನ ಥ್ರೆಡ್, ತುದಿಯ ಅಳತೆಗಳು ಮಾತ್ರ ಬೇರೆ.

ಕೇಬಲ್ ಮಾಡುವ ಕೆಲಸ

ಟ್ರಾನ್ಸ್‌ಫರ್ ಕೇಸಿನಿಂದ ಹಿಂದಿನ ಆಕ್ಸಲ್ ಕಡೆ ಹೋಗುವ ಔಟ್‌ಪುಟ್ ಶಾಫ್ಟಿನ ಮೇಲೆ ಒಂದು ವರ್ಮ್ ಗೇರ್ ಇರುತ್ತದೆ. ಅದರ ಹಲ್ಲಿಗೆ ಪಿನಿಯನ್ ಎಂಬ ಸಣ್ಣ ಹಲ್ಲುಚಕ್ರ ಕೂರುತ್ತದೆ. ಪಿನಿಯನ್ನಿನ ಚೌಕ ತೂತಿಗೆ ಕೇಬಲ್ಲಿನ ಇನ್ನರ್ ತುದಿ ಸೇರುತ್ತದೆ. ಇನ್ನರ್ ಎಂದರೆ ಹಲವು ಪದರ ಉಕ್ಕಿನ ತಂತಿಯನ್ನು ಒಂದರ ಮೇಲೊಂದು ಸುತ್ತಿ ಮಾಡಿದ ಬಾಗುವ ಶಾಫ್ಟ್, ಅದನ್ನು ಮುಚ್ಚಿರುವ ಕೊಳವೆಯೇ ಔಟರ್. ಇನ್ನರಿನ ಮೇಲಿನ ತುದಿ ಮೀಟರಿನೊಳಗಿನ ಅಯಸ್ಕಾಂತವನ್ನು ತಿರುಗಿಸುತ್ತದೆ. ಅಯಸ್ಕಾಂತಕ್ಕೆ ತಾಗದೆ, ಅದರ ಹತ್ತಿರವೇ ನಿಂತಿರುವ ಅಲ್ಯೂಮಿನಿಯಂ ಬಟ್ಟಲು, ಅಯಸ್ಕಾಂತ ತಿರುಗುವಾಗ ತನ್ನಲ್ಲಿ ಹುಟ್ಟುವ ವಿದ್ಯುತ್ತಿನ ಸುಳಿಪ್ರವಾಹದ ಸೆಳೆತಕ್ಕೆ ಸ್ವಲ್ಪ ತಿರುಗುತ್ತದೆ. ಕೂದಲೆಳೆಯ ಸ್ಪ್ರಿಂಗ್ ಅದನ್ನು ಹಿಂದಕ್ಕೆ ಎಳೆದು ಹಿಡಿಯುತ್ತದೆ. ಈ ಎರಡು ಬಲ ಸಮವಾದ ಕಡೆ ಮುಳ್ಳು ನಿಲ್ಲುತ್ತದೆ. ಕಿಲೋಮೀಟರ್ ಎಣಿಸುವ ಚಕ್ರಗಳು ಹಾಗಲ್ಲ, ಅವು ಅಯಸ್ಕಾಂತ ಕೂತ ಅದೇ ಅಚ್ಚಿನಿಂದ, ಎಂದರೆ ಸ್ಪಿಂಡಲ್‌ನಿಂದ ಗೇರ್ ಮೂಲಕ ನೇರವಾಗಿ ತಿರುಗುತ್ತವೆ. ಈ ವ್ಯತ್ಯಾಸ ನೆನಪಿದ್ದರೆ ಅರ್ಧ ಪತ್ತೆ ಕೂತಲ್ಲೇ ಮುಗಿಯುತ್ತದೆ.

ಮೀಟರಿಗೆ ಸುತ್ತು ಬರುವುದು ಲೋ ಗೇರಿನ ನಂತರದ ಶಾಫ್ಟಿನಿಂದ. ಆದ್ದರಿಂದ ನಾಲ್ಕೂ ಚಕ್ರಕ್ಕೆ ನಿಧಾನದ ಬಲ ಕೊಡುವ ಫೋರ್ ಲೋ ಹಾಕಿದರೂ ವೇಗ ತಪ್ಪಾಗಿ ತೋರಿಸಬಾರದು. ಆದರೆ ತೋಟದ ಏರಿನಲ್ಲಿ ಫೋರ್ ಲೋ ಹಾಕಿ ತೆವಳುವಾಗ ಮುಳ್ಳು ಕದಲುವುದೇ ಕಡಿಮೆ. ಇಡೀ ದಿನ ಅಲ್ಲೇ ಓಡುವ ಜೀಪಿನಲ್ಲಿ ಮೀಟರ್ ಕೆಟ್ಟಿದ್ದು ಎಷ್ಟೋ ದಿನ ಗೊತ್ತಾಗುವುದಿಲ್ಲ. ಅಂಥ ಜೀಪಿನಲ್ಲಿ ಮುಳ್ಳನ್ನಲ್ಲ, ಓಡೋಮೀಟರಿನ, ಎಂದರೆ ಕಿಲೋಮೀಟರ್ ಎಣಿಕೆಯ, ಬಲತುದಿಯ ಅಂಕಿಯನ್ನು ನೋಡಬೇಕು.

ಲಕ್ಷಣ ನೋಡಿ ಮೊದಲ ತೀರ್ಮಾನ

ಮುಳ್ಳೂ ಸತ್ತಿದೆ, ಕಿಲೋಮೀಟರೂ ಏರುತ್ತಿಲ್ಲ ಎಂದರೆ ದೋಷ ಕೇಬಲ್, ಪಿನಿಯನ್ ಅಥವಾ ಮೀಟರಿನ ಸ್ಪಿಂಡಲ್ ಈ ಮೂರರಲ್ಲಿ ಒಂದರಲ್ಲಿದೆ.

ಮುಳ್ಳು ಏಳುವುದಿಲ್ಲ, ಆದರೆ ಕಿಲೋಮೀಟರ್ ಏರುತ್ತಿದೆ. ಕೇಬಲ್ ಸರಿಯಾಗಿದೆ, ಅದನ್ನು ಮುಟ್ಟಬೇಡಿ. ಮೀಟರಿನ ಬಟ್ಟಲು, ಸ್ಪ್ರಿಂಗ್ ಅಥವಾ ಮುಳ್ಳಿನ ಕಡೆ ತೊಂದರೆ. ಮುಳ್ಳು ಸರಿಯಾಗಿದ್ದು ಕಿಲೋಮೀಟರ್ ಮಾತ್ರ ನಿಂತಿದ್ದರೂ ಅಷ್ಟೇ, ಮೀಟರಿನೊಳಗಿನ ಗೇರ್ ಹೋಗಿದೆ. ಎರಡೂ ಮೀಟರ್ ರಿಪೇರಿಯವರ ಕೆಲಸ.

ಮುಳ್ಳು 10ರಿಂದ 30 ಕಿ.ಮೀ. ವೇಗದ ನಡುವೆ ಕುಣಿಯುತ್ತದೆ, ವೇಗ ಹೆಚ್ಚಿದಂತೆ ಸ್ವಲ್ಪ ನೆಟ್ಟಗಾಗುತ್ತದೆ. ಇದು ಒಣಗಿದ ಅಥವಾ ಮಡಿಕೆ ಬಿದ್ದ ಕೇಬಲ್. ಇನ್ನರ್ ಎಲ್ಲೋ ಹಿಡಿದುಕೊಳ್ಳುತ್ತದೆ, ತಿರುಚಿಕೊಳ್ಳುತ್ತದೆ, ಬಿಗಿತ ಮಿತಿಮೀರಿದಾಗ ಥಟ್ಟನೆ ಬಿಡುತ್ತದೆ. ಹಿಡಿದಾಗ ಮುಳ್ಳು ಇಳಿಯುತ್ತದೆ, ಬಿಟ್ಟಾಗ ಹಾರುತ್ತದೆ. ಡ್ಯಾಶ್‌ಬೋರ್ಡ್ ಹಿಂದಿನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಇದು ಮುರಿಯುವ ಹಂತಕ್ಕೆ ಬಂದಿದೆ ಎಂದೇ ಅರ್ಥ.

ಮುಳ್ಳು ಕೊನೆಯ ಅಂಕಿಗೆ ಹೋಗಿ ಅಂಟಿಕೊಂಡಿತು ಎಂದರೆ ಕೇಬಲ್ಲಿನ ಮೇಲೆ ಗ್ರೀಸ್ ಹತ್ತಿ ಬಟ್ಟಲಿನವರೆಗೆ ಬಂದಿದೆ, ಇಲ್ಲವೇ ಅಯಸ್ಕಾಂತ ಬಟ್ಟಲಿಗೆ ಉಜ್ಜುತ್ತಿದೆ. ಹಾಗೇ ಓಡಿಸಿದರೆ ಮೀಟರ್ ಕೈಕೊಡುತ್ತದೆ. ಕೂಡಲೇ ಮೀಟರಿನ ಕಡೆಯ ನಟ್ ಬಿಚ್ಚಿ ಕೇಬಲ್ ಹೊರಗೆ ಎಳೆದು, ತುದಿಗೆ ಬಟ್ಟೆ ಸುತ್ತಿ, ಲೋಹಕ್ಕೆ ತಾಗದಂತೆ ಕಟ್ಟಿಡಿ.

ಯಾವ ವೇಗದಲ್ಲೂ ಒಂದೇ ಪ್ರಮಾಣದಲ್ಲಿ ತಪ್ಪು ತೋರಿಸುವ ಮೀಟರಿಗೆ ಕೇಬಲ್ ಕಾರಣ ಅಲ್ಲವೇ ಅಲ್ಲ. ಕೇಬಲ್ ಒಂದೋ ಸುತ್ತನ್ನು ಪೂರ್ತಿ ಮೇಲಕ್ಕೆ ಒಯ್ಯುತ್ತದೆ, ಇಲ್ಲವೇ ಒಯ್ಯುವುದಿಲ್ಲ. ನೂರಕ್ಕೆ ಐದು ಕಡಿಮೆ ಮಾಡಿ ಒಯ್ಯಲು ಅದಕ್ಕೆ ಸಾಧ್ಯವಿಲ್ಲ. ಅಲ್ಲಿ ಟೈರಿನ ಅಳತೆ ನೋಡಬೇಕು, ಅದನ್ನು ಕೊನೆಯಲ್ಲಿ ಹೇಳಿದೆ.

ತಳ್ಳಿ ಎಣಿಸುವ ಪರೀಕ್ಷೆ

ಒಂದು ಹಿಂದಿನ ಚಕ್ರಕ್ಕೆ ಜಾಕಿ ಕೊಟ್ಟು, ಕೈಯಲ್ಲಿ ತಿರುಗಿಸಿ ಕೇಬಲ್ ನೋಡುವ ರೂಢಿ ಗ್ಯಾರೇಜುಗಳಲ್ಲಿ ಇದೆ. ಹಳೆಯ ಜೀಪಿನಲ್ಲಿ ಇದು ಅಪಾಯ. ಹ್ಯಾಂಡ್‌ಬ್ರೇಕ್ ಡ್ರಮ್ ಟ್ರಾನ್ಸ್‌ಫರ್ ಕೇಸಿನ ಹಿಂದೆ ಇರುವ ಜೀಪಿನಲ್ಲಿ ಆ ಬ್ರೇಕ್ ಹಿಡಿಯುವುದು ಹಿಂದಿನ ಆಕ್ಸಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟನ್ನು, ಚಕ್ರವನ್ನಲ್ಲ. ಒಂದು ಹಿಂದಿನ ಚಕ್ರ ನೆಲ ಬಿಟ್ಟ ಕೂಡಲೇ ಆಕ್ಸಲಿನೊಳಗಿನ ಡಿಫರೆನ್ಷಿಯಲ್ ಗೇರ್ ಆ ಚಕ್ರವನ್ನು ಸುಮ್ಮನೆ ತಿರುಗಲು ಬಿಡುತ್ತದೆ. ಹ್ಯಾಂಡ್‌ಬ್ರೇಕ್ ಎಳೆದಿದ್ದರೂ, ಗೇರ್ ಹಾಕಿದ್ದರೂ ಜೀಪು ಜಾಕಿಯಿಂದ ಜಾರಿ ಉರುಳಬಹುದು. ಜಾಕಿ ಕೊಡಲೇಬೇಕಾದರೆ ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಮರದ ತುಂಡು ಒತ್ತಿ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಟ್ಟ ಮೇಲೆಯೇ ಕೆಳಗೆ ನುಸುಳಬೇಕು.

ಇದಕ್ಕಿಂತ ಒಳ್ಳೆಯ ಪರೀಕ್ಷೆ ಜಾಕಿಯೇ ಬೇಡದ್ದು. ಸಮತಟ್ಟಾದ ಜಾಗದಲ್ಲಿ 20 ಮೀಟರ್ ಅಳೆದು ಸುಣ್ಣದ ಗೆರೆ ಎಳೆಯಿರಿ. ಮೀಟರಿನ ಹಿಂದಿನ ನಟ್ ಬಿಚ್ಚಿ ಕೇಬಲ್ ತುದಿಯನ್ನು ಹೊರಗೆ ತನ್ನಿ. ಇನ್ನರ್ ತುದಿಗೆ ಬಿಳಿ ಟೇಪಿನ ಸಣ್ಣ ಬಾವುಟ ಅಂಟಿಸಿ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಬಿಟ್ಟಿರಲಿ, ಒಬ್ಬರು ಸ್ಟೀರಿಂಗ್ ಹಿಡಿದು ಕಾಲನ್ನು ಬ್ರೇಕಿನ ಮೇಲೇ ಇಟ್ಟಿರಲಿ. ಉಳಿದವರು ಗೆರೆಯಿಂದ ಗೆರೆಗೆ ತಳ್ಳಲಿ, ಒಬ್ಬರು ಬಾವುಟದ ಸುತ್ತು ಎಣಿಸಲಿ.

ಮೈಲಿಗೆ 1000 ಸುತ್ತಿನ ಲೆಕ್ಕದ ಮೀಟರಿಗೆ ಒಂದು ಕಿಲೋಮೀಟರಿಗೆ ಸುಮಾರು 621 ಸುತ್ತು ಬರಬೇಕು. ಜಪಾನಿ ಪದ್ಧತಿಯ ಮೀಟರಿನಲ್ಲಿ ಇದು 637. ಹಾಗಾಗಿ 20 ಮೀಟರಿಗೆ ಎರಡರಲ್ಲೂ ಹನ್ನೆರಡೂವರೆ ಸುತ್ತಿನ ಆಸುಪಾಸು ಬರುತ್ತದೆ. ಬಾವುಟ ಅಷ್ಟು ತಿರುಗಿದರೆ ಕೇಬಲ್, ಪಿನಿಯನ್ ಎರಡೂ ಸರಿ, ತೊಂದರೆ ಮೀಟರಿನದು. ಎಂಟು ಒಂಬತ್ತು ಸುತ್ತಿಗೇ ನಿಂತರೆ, ನಡುನಡುವೆ ತಡವರಿಸಿದರೆ, ಪಿನಿಯನ್ ಹಲ್ಲು ಜಾರುತ್ತಿದೆ ಅಥವಾ ಚೌಕ ತುದಿ ತೂತಿನಲ್ಲಿ ಸುತ್ತುತ್ತಿದೆ. ಬಾವುಟ ಕದಲಲೇ ಇಲ್ಲ ಎಂದರೆ ಇನ್ನರನ್ನು ಮೆಲ್ಲಗೆ ಮೇಲಕ್ಕೆ ಎಳೆಯಿರಿ. ತುಂಡೊಂದು ಕೈಗೆ ಬಂದರೆ ಮುರಿದಿದೆ. ಪೂರ್ತಿ ಉದ್ದವೇ ಹಾನಿಯಿಲ್ಲದೆ ಬಂದರೆ ದೋಷ ಕೆಳಗೆ, ಟ್ರಾನ್ಸ್‌ಫರ್ ಕೇಸಿನಲ್ಲಿ.

ಮುರಿದ ತುದಿ ಏನು ಹೇಳುತ್ತದೆ

ತುಂಡಾದ ಇನ್ನರನ್ನು ಎಸೆಯುವ ಮುಂಚೆ ಸೀಮೆಎಣ್ಣೆಯಲ್ಲಿ ತೊಳೆದು ಬೆಳಕಿಗೆ ಹಿಡಿದು ನೋಡಬೇಕು.

ಮುರಿದ ಜಾಗದಲ್ಲಿ ತಂತಿಯ ಎಳೆಗಳು ತಿರುಚಿ, ಪದರ ಬಿಚ್ಚಿ ಉಬ್ಬಿಕೊಂಡಿವೆಯೆ? ಹಾಗಾದರೆ ಒಂದು ತುದಿ ತಿರುಗುತ್ತಿರುವಾಗ ಇನ್ನೊಂದು ತುದಿ ಬಿಗಿಯಾಗಿ ಹಿಡಿದಿತ್ತು. ಮುಕ್ಕಾಲು ಪಾಲು ಅದು ಮೀಟರಿನ ಸ್ಪಿಂಡಲ್. ಬುಷ್‌ನಲ್ಲಿದ್ದ ಹಳೆಯ ಗ್ರೀಸ್ ಒಣಗಿ ಗಟ್ಟಿಯಾಗಿರುತ್ತದೆ. ಇದನ್ನು ಸರಿಮಾಡದೆ ಹಾಕಿದ ಹೊಸ ಕೇಬಲ್ ಉಳಿಯುವುದಿಲ್ಲ. ಇನ್ನರಿನ ಹೊರಪದರವನ್ನು ಜೀಪು ಮುಂದಕ್ಕೆ ಹೋಗುವಾಗ ಬಿಗಿಯಾಗುವ ದಿಕ್ಕಿಗೆ ಸುತ್ತಿರುತ್ತಾರೆ. ಸ್ಪಿಂಡಲ್ ಬಿಗಿಯಿದ್ದು, ಜೀಪನ್ನು ತುಂಬ ದೂರ ರಿವರ್ಸ್ ತೆಗೆದರೆ ಆ ಪದರ ಬಿಚ್ಚಿಕೊಂಡು ಔಟರಿನೊಳಗೆ ಸಿಕ್ಕಿಹಾಕಿಕೊಳ್ಳುತ್ತದೆ.

ನಡುವಿನಲ್ಲಿ ತುಂಡಾಗಿದ್ದು, ಅಲ್ಲಿ ಒಂದು ಪಕ್ಕ ಉಜ್ಜಿ ಹೊಳೆಯುತ್ತಿದ್ದರೆ ಔಟರಿಗೆ ಆ ಜಾಗದಲ್ಲಿ ಅತಿಯಾದ ಬಾಗು ಇತ್ತು. ಔಟರಿನ ಮೇಲೆ ಅದೇ ಅಳತೆಯಲ್ಲಿ ಗುರುತು ಮಾಡಿ ನೋಡಿ, ಕ್ಲಿಪ್ ಒತ್ತಿದ ಗುರುತೋ ಸೈಲೆನ್ಸರ್ ಪೈಪಿಗೆ ಸುಟ್ಟ ಗುರುತೋ ಸಿಗುತ್ತದೆ. ಹೊಸದನ್ನೂ ಅದೇ ದಾರಿಯಲ್ಲಿ ಎಳೆದರೆ ಅಲ್ಲೇ ಮುರಿಯುತ್ತದೆ.

ಚೌಕ ತುದಿಯ ಮೂಲೆಗಳು ಸವೆದು ದುಂಡಗಾಗಿದ್ದರೆ ನಟ್ ಸಡಿಲವಿತ್ತು ಅಥವಾ ಇನ್ನರ್ ಗಿಡ್ಡವಿದ್ದು ತುದಿ ಅರ್ಧವೇ ಕೂತಿತ್ತು. ಪಿನಿಯನ್ನಿನ ಚೌಕ ತೂತನ್ನೂ ಟಾರ್ಚ್ ಬಿಟ್ಟು ನೋಡಿ. ಅದೂ ಸವೆದಿದ್ದರೆ ಪಿನಿಯನ್ ಸಹ ಬದಲಿಸಬೇಕು.

ಕೆಂಪು ತುಕ್ಕಿನ ಪುಡಿ ಉದುರಿದರೆ ಔಟರಿಗೆ ನೀರು ಇಳಿದಿದೆ. ಮಲೆನಾಡಿನ ಮಳೆಗಾಲದ ಕೆಸರು, ಅದರ ಮೇಲೆ ಪಂಪಿನ ನೀರು ಬಿಟ್ಟು ತೊಳೆಯುವುದು, ಎರಡೂ ಸೇರಿ ಔಟರಿನ ಸಣ್ಣ ಸೀಳಿನಿಂದಲೂ ನೀರನ್ನು ಒಳಗೆ ನುಗ್ಗಿಸುತ್ತವೆ. ಇಂಥಲ್ಲಿ ಇನ್ನರ್ ಮಾತ್ರ ಬದಲಿಸುವುದು ದುಡ್ಡು ದಂಡ. ಔಟರ್ ಸಮೇತ ಪೂರ್ತಿ ಸೆಟ್ ಹಾಕಿ.

ಇನ್ನರ್ ಉದ್ದಕ್ಕೂ ಕಪ್ಪು ಗೇರ್ ಆಯಿಲಿನಲ್ಲಿ ನೆಂದಿದ್ದರೆ ಪಿನಿಯನ್ನಿನ ಸೀಲ್ ಹೋಗಿದೆ. ತಿರುಗುವ ತಂತಿಯ ಸುರುಳಿ ತಾನೇ ಪಂಪಿನಂತೆ ಆಯಿಲನ್ನು ಮೇಲಕ್ಕೆ ಏರಿಸುತ್ತದೆ. ಮೀಟರ್ ಗಾಜಿನ ಒಳಗೆ ಎಣ್ಣೆಯ ಮಬ್ಬು ಕಂಡರೆ ಅದಕ್ಕೂ ಇದೇ ಕಾರಣ. ಸೀಲ್ ಹಾಕದೆ ಕೇಬಲ್ ಬದಲಿಸಿದರೆ ಹೊಸ ಕೇಬಲ್ಲೂ ನೆನೆಯುತ್ತದೆ, ಮೀಟರೂ ಹಾಳಾಗುತ್ತದೆ, ಟ್ರಾನ್ಸ್‌ಫರ್ ಕೇಸಿನ ಆಯಿಲೂ ಇಳಿಯುತ್ತಾ ಹೋಗುತ್ತದೆ. ಈ ಮೂರನೆಯದು ಎಲ್ಲಕ್ಕಿಂತ ದುಬಾರಿ.

ಮೀಟರ್ ಬಿಗಿಯಿದೆಯೇ ಎಂದು ನೋಡುವುದು

ಹಳೆಯ ಇನ್ನರಿನ ಮೇಲ್ತುದಿಯಿಂದ ಒಂದು ಗೇಣು ಕತ್ತರಿಸಿಕೊಂಡು ಚೌಕ ತುದಿಯನ್ನು ಮೀಟರಿಗೆ ತೂರಿಸಿ, ಎರಡು ಬೆರಳಲ್ಲಿ ಹೊರಳಿಸಿ. ಸ್ಪಿಂಡಲ್ ನಯವಾಗಿ ತಿರುಗಬೇಕು, ಎಲ್ಲೂ ಹಿಡಿಯಬಾರದು. ಯಾವ ಕಡೆ ಹೊರಳಿಸಿದರೆ ಮುಳ್ಳು ಮೇಲೆ ಜಿಗಿಯುತ್ತದೋ ಅದೇ ಓಟದ ದಿಕ್ಕು. ಆ ತುಂಡನ್ನು ಬ್ಯಾಟರಿ ಡ್ರಿಲ್ಲಿಗೆ ಸಿಕ್ಕಿಸಿ, ಅದೇ ದಿಕ್ಕಿಗೆ, ನಿಧಾನದ ಗೇರಿನಲ್ಲಿ ತಿರುಗಿಸಿ. ನಿಮಿಷಕ್ಕೆ 400 ಸುತ್ತಿನ ಡ್ರಿಲ್ ಆದರೆ ಮುಳ್ಳು ಗಂಟೆಗೆ 38–39 ಕಿ.ಮೀ. ಹತ್ತಿರ ಕದಲದೆ ನಿಲ್ಲಬೇಕು. ಡ್ರಿಲ್ಲಿನಲ್ಲೂ ಮುಳ್ಳು ಕುಣಿದರೆ ಮೀಟರೇ ರೋಗಿ. ಕೇಬಲ್ ಎಷ್ಟು ಸಲ ಬದಲಿಸಿದರೂ ಕುಣಿತ ನಿಲ್ಲದು.

ಸ್ವಲ್ಪ ಬಿಗಿ ಅನ್ನಿಸಿದರೆ ಸ್ಪಿಂಡಲ್ ಬುಡಕ್ಕೆ ಹೊಲಿಗೆ ಮೆಷಿನ್ ಎಣ್ಣೆ ಒಂದೇ ಹನಿ ಬಿಟ್ಟು, ರಾತ್ರಿ ಇಡೀ ಬಿಟ್ಟು, ಬೆಳಿಗ್ಗೆ ಮತ್ತೆ ಹೊರಳಿಸಿ. ಎರಡನೆಯ ಹನಿ ಬೇಡ, ಹೆಚ್ಚಾದದ್ದು ಬಟ್ಟಲಿಗೆ ಇಳಿಯುತ್ತದೆ. ಅದಕ್ಕೂ ಬಿಡದಿದ್ದರೆ ಮೀಟರ್ ರಿಪೇರಿಯವರಿಗೆ ಕೊಡಿ. ಡಯಲ್ ಬಿಚ್ಚಿ ಸ್ಪ್ರಿಂಗನ್ನು ಬೆರಳಲ್ಲಿ ಮುಟ್ಟಿದರೆ ಅದು ಮತ್ತೆ ಮೊದಲಿನ ಹದಕ್ಕೆ ಬರುವುದಿಲ್ಲ.

ಬೇಕಾದ ಸಾಮಾನು

ಕೇಬಲ್ ಸೆಟ್, ಪಿನಿಯನ್ನಿನ ಸೀಲ್ ಅಥವಾ ಓ-ರಿಂಗ್, ಬಾಡಿ ತಗಡಿನ ತೂತಿಗೆ ರಬ್ಬರ್ ಗ್ರೊಮೆಟ್, ಮೂರು ನಾಲ್ಕು ಕ್ಲಿಪ್, ತೆಳುವಾದ ಗ್ರೀಸ್, ಆಯಿಲ್ ತುಂಬಿಸಲು 90 ನಂಬರ್ ಗೇರ್ ಆಯಿಲ್ ಅರ್ಧ ಲೀಟರ್.

ಕೇಬಲ್ ತರಲು ಹೋಗುವಾಗ ಹಳೆಯದನ್ನು ಕೈಯಲ್ಲೇ ಹಿಡಿದು ಹೋಗಿ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗದ ಪೇಟೆಯಲ್ಲೂ "ಜೀಪಿನ ಮೀಟರ್ ಕೇಬಲ್" ಎಂದಷ್ಟೇ ಕೇಳಿದರೆ ಹಲವು ಉದ್ದದವು ಮುಂದೆ ಬೀಳುತ್ತವೆ. ಎಂಜಿನ್, ಗೇರ್‌ಬಾಕ್ಸ್ ಬದಲಾಗಿ ಬಂದ ಹಳೆಯ ಜೀಪಿನಲ್ಲಿ ಮಾಡೆಲ್ ಹೆಸರನ್ನು ನಂಬಿ ಪ್ರಯೋಜನವಿಲ್ಲ. ಔಟರ್ ಉದ್ದ, ಎರಡೂ ನಟ್ಟಿನ ಥ್ರೆಡ್, ಎರಡೂ ಚೌಕ ತುದಿಯ ದಪ್ಪ, ಔಟರಿನಿಂದ ಹೊರಗೆ ಚಾಚಿದ ಇನ್ನರ್ ಉದ್ದ, ಇಷ್ಟನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿ. ನಟ್ಟನ್ನು ಅಂಗಡಿಯಲ್ಲೇ ಪಿನಿಯನ್ನನ್ನು ಹಿಡಿದಿಡುವ ಹಳೆಯ ಸ್ಲೀವಿಗೆ ಹಾಕಿ ನೋಡಿದರೆ ಇನ್ನೂ ಒಳ್ಳೆಯದು.

ಬಿಚ್ಚುವುದು

ಮೊದಲು ಓಡೋಮೀಟರಿನ ಅಂಕಿ ಬರೆದಿಡಿ. ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ತೆಗೆಯಿರಿ. ಹಳೆಯ ಜೀಪಿನ ಡ್ಯಾಶ್‌ಬೋರ್ಡ್ ಹಿಂದೆ ಆಮ್‌ಮೀಟರಿನ ಸ್ಕ್ರೂಗಳಲ್ಲಿ ಫ್ಯೂಸ್ ಇಲ್ಲದೆ ನೇರ ಕರೆಂಟ್ ಇರುತ್ತದೆ. ಸ್ಪ್ಯಾನರ್ ತಾಗಿದರೆ ವಯರಿಂಗ್ ಸುಡುತ್ತದೆ.

ಮೀಟರಿನ ಕಡೆಯ ನಟ್ ಕೈಯಲ್ಲೇ ಬರಬೇಕಾದ್ದು. ಬಾರದಿದ್ದರೆ ಚರ್ಮದ ತುಂಡು ಸುತ್ತಿ ಪ್ಲೇಯರಿನಲ್ಲಿ ಹಗುರವಾಗಿ ಸಡಿಲಿಸಿ. ಕೆಳಗಿನ ತುದಿಗೆ ಕೈ ಹಾಕುವ ಮುಂಚೆ ಸುತ್ತಲಿನ ಕೆಸರನ್ನು ಬ್ರಷ್, ಸೀಮೆಎಣ್ಣೆಯಿಂದ ಪೂರ್ತಿ ತೊಳೆಯಿರಿ. ಪಿನಿಯನ್ ತೂತಿನಿಂದ ಒಳಗೆ ಬಿದ್ದ ಮರಳು ನೇರ ಬೇರಿಂಗಿಗೆ ಹೋಗುತ್ತದೆ. ನಟ್ ತಿರುಗಿಸುವಾಗ ಇನ್ನೊಂದು ಸ್ಪ್ಯಾನರಿನಲ್ಲಿ ಪಿನಿಯನ್ ಸ್ಲೀವನ್ನು ಹಿಡಿದುಕೊಳ್ಳಿ. ಇಲ್ಲದಿದ್ದರೆ ಎರಡೂ ಸೇರಿ ತಿರುಗಿ ಸೀಲ್ ಹರಿಯುತ್ತದೆ. ಸ್ಲೀವ್ ಬಿಚ್ಚಿ ಪಿನಿಯನ್ ಹೊರತೆಗೆದು ಪ್ರತಿ ಹಲ್ಲನ್ನೂ ನೋಡಿ, ಹಲ್ಲುಗಳ ಸಂಖ್ಯೆ ಎಣಿಸಿ ಬರೆದುಕೊಳ್ಳಿ. ಸೀಲ್ ಹೇಗಿದ್ದರೂ ಹೊಸದು ಹಾಕಿ.

ಹೊಸದನ್ನು ಕೂರಿಸುವುದು

ಇನ್ನರನ್ನು ಔಟರಿನಿಂದ ಎಳೆದು ಕೆಳಗಿನ ಭಾಗಕ್ಕೆ ತೆಳುವಾದ ಗ್ರೀಸನ್ನು ಬೆರಳಲ್ಲಿ ಸವರಿ, ಅಂಟಿದಷ್ಟೇ ಸಾಕು. ಮೀಟರಿನ ಕಡೆಯ 20 ಸೆಂ.ಮೀ. ಒಣಗಿರಲಿ. ಓಡುವಾಗ ಗ್ರೀಸ್ ತಾನಾಗಿ ಅಲ್ಲಿಗೆ ಏರುತ್ತದೆ, ಮೊದಲೇ ಹಚ್ಚಿದರೆ ಮೀಟರಿನೊಳಗೇ ಹೋಗುತ್ತದೆ. ಚಕ್ರದ ಬೇರಿಂಗಿನ ಗಟ್ಟಿ ಗ್ರೀಸ್ ಬೇಡ, ಚಳಿಯ ಬೆಳಿಗ್ಗೆ ಅದೇ ಮುಳ್ಳನ್ನು ಕುಣಿಸುತ್ತದೆ.

ದಾರಿ ಹಿಡಿಯುವಾಗ ಎಲ್ಲೂ 15 ಸೆಂ.ಮೀ. ತ್ರಿಜ್ಯಕ್ಕಿಂತ ಬಿಗಿಯಾದ ಬಾಗು ಇರಬಾರದು. ಮೀಟರ್ ಹಿಂದಿನ ಮೊದಲ 5 ಸೆಂ.ಮೀ. ನೇರವಾಗಿರಲಿ. ಸೈಲೆನ್ಸರ್ ಪೈಪ್, ಕ್ಲಚ್ ಲಿಂಕೇಜ್, ಪ್ರೊಪೆಲ್ಲರ್ ಶಾಫ್ಟಿನಿಂದ ದೂರ ಇಡಿ. ಗೇರ್‌ಬಾಕ್ಸ್ ರಬ್ಬರ್ ಮೌಂಟಿಂಗ್ ಮೇಲೆ ಅಲುಗುವುದರಿಂದ ಕೆಳತುದಿಯಲ್ಲಿ ಸ್ವಲ್ಪ ಸಡಿಲ ಬಿಡಬೇಕು. ಕ್ಲಿಪ್ ಹಿಡಿಯಬೇಕು, ಔಟರನ್ನು ಹಿಂಡಬಾರದು. ತಗಡಿನ ತೂತಿನಲ್ಲಿ ಗ್ರೊಮೆಟ್ ಮರೆತರೆ ಔಟರ್ ಅಲ್ಲೇ ಕೊಯ್ದುಕೊಳ್ಳುತ್ತದೆ.

ಕೆಳಗಿನ ತುದಿಯನ್ನು ಮೊದಲು ಜೋಡಿಸಿ, ಇನ್ನರನ್ನು ಮೇಲಿನಿಂದ ಹೊರಳಿಸುತ್ತ ಒತ್ತಿ. ಚೌಕ ತುದಿ ಪಿನಿಯನ್ನಿಗೆ ಕೂತ ಕೂಡಲೇ ಹೊರಳಿಸುವುದು ಬಿಗಿಯಾಗುತ್ತದೆ. ಈಗ ಮೇಲೆ ಚಾಚಿದ ಉದ್ದವನ್ನು ಹಳೆಯ ಕೇಬಲ್ಲಿನೊಂದಿಗೆ ಹೋಲಿಸಿ. ಹೆಚ್ಚು ಚಾಚಿದ್ದರೆ ನಟ್ ಬಿಗಿದಾಗ ಇನ್ನರ್ ಸ್ಪಿಂಡಲನ್ನು ಒಳಕ್ಕೆ ಒತ್ತಿ ಮೀಟರಿನ ಬೇರಿಂಗ್ ಮುರಿಯುತ್ತದೆ. ಕಡಿಮೆ ಇದ್ದರೆ ಮೂಲೆಗಳು ಸವೆಯುತ್ತವೆ. ಮೀಟರಿಗೆ ಜೋಡಿಸಿದ ಮೇಲೆ ಇನ್ನರಿಗೆ ಹಿಂದೆ ಮುಂದೆ ಕೂದಲೆಳೆಯಷ್ಟಾದರೂ ಆಟ ಇರಬೇಕು. ನಟ್ ಪೂರ್ತಿ ಕೈಯಲ್ಲೇ ಸೇರಬೇಕು. ನಡುವೆ ನಿಂತರೆ ಸ್ಪ್ಯಾನರ್ ಹಾಕಬೇಡಿ, ತುದಿ ಚೌಕಕ್ಕೆ ಸೇರಿಲ್ಲ. ಹೊರತೆಗೆದು ಕಾಲು ಸುತ್ತು ಹೊರಳಿಸಿ ಮತ್ತೆ ಹಾಕಿ.

ಟ್ರಾನ್ಸ್‌ಫರ್ ಕೇಸಿನ ಲೆವೆಲ್ ಪ್ಲಗ್ ಬಿಚ್ಚಿ ಆಯಿಲ್ ತೂತಿನ ಅಂಚಿಗೆ ಬರುವಷ್ಟು ತುಂಬಿಸಿ. ಮೊದಲು 20, ಆಮೇಲೆ 40 ಕಿ.ಮೀ. ವೇಗದಲ್ಲಿ ಓಡಿಸಿ ಮುಳ್ಳು ನೋಡಿ. ನೂರು ಕಿಲೋಮೀಟರ್ ಆದ ಮೇಲೆ ಎರಡೂ ನಟ್ಟನ್ನು ಮತ್ತೊಮ್ಮೆ ಮುಟ್ಟಿ ನೋಡಿ, ಸ್ಲೀವಿನ ಸುತ್ತ ಆಯಿಲ್ ಒಸರಿದೆಯೇ ಎಂದು ಬೆರಳಾಡಿಸಿ.

ವೇಗ ತಪ್ಪು ತೋರಿಸುತ್ತಿದ್ದರೆ

ಎಲ್ಲ ಸರಿಯಾಗಿ ಮುಳ್ಳು ನೆಟ್ಟಗೆ ನಿಂತರೂ ಫೋನಿನ ಜಿಪಿಎಸ್ ವೇಗಕ್ಕೂ ಅದಕ್ಕೂ ಹೊಂದದಿರಬಹುದು. ಟೈರ್ ದೊಡ್ಡದಾದಷ್ಟೂ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ, ಮೀಟರ್ ಕಡಿಮೆ ತೋರಿಸುತ್ತದೆ. 215/75 ಆರ್15 ಟೈರಿನ ವ್ಯಾಸ ಸುಮಾರು 703 ಮಿ.ಮೀ., 235/75 ಆರ್15 ಟೈರಿನದು 733. ಮೊದಲಿನದನ್ನು ತೆಗೆದು ಎರಡನೆಯದನ್ನು ಹಾಕಿದರೆ ಮುಳ್ಳು 60 ತೋರಿಸುವಾಗ ಜೀಪು ಓಡುತ್ತಿರುವುದು 62.5ರಲ್ಲಿ. ಜಿಪ್ಸಿಯ 205/70 ಆರ್15 ತೆಗೆದು 235/75 ಹಾಕಿದವರಿಗೆ ಅದೇ 60 ನಿಜಕ್ಕೂ 66ರ ಹತ್ತಿರ. ಓಡೋಮೀಟರ್ ಕೂಡ ಅದೇ ಪ್ರಮಾಣದಲ್ಲಿ ಹಿಂದೆ ಬೀಳುವುದರಿಂದ ಆಯಿಲ್ ಬದಲಿಸುವ ಲೆಕ್ಕವೂ ತಪ್ಪುತ್ತದೆ.

ಇದನ್ನು ಸರಿಮಾಡುವ ಜಾಗ ಪಿನಿಯನ್. ಹಲ್ಲು ಕಡಿಮೆಯಾದರೆ ಅದು ಹೆಚ್ಚು ಸುತ್ತುತ್ತದೆ. 17 ಹಲ್ಲಿನದನ್ನು ತೆಗೆದು 16 ಹಲ್ಲಿನದನ್ನು ಹಾಕಿದರೆ ಮೀಟರ್ ನೂರಕ್ಕೆ ಆರರಷ್ಟು ಹೆಚ್ಚು ತೋರಿಸುತ್ತದೆ. ಬಿಚ್ಚಿದಾಗ ಬರೆದುಕೊಂಡ ಹಲ್ಲಿನ ಸಂಖ್ಯೆ ಉಪಯೋಗಕ್ಕೆ ಬರುವುದು ಇಲ್ಲಿ. ಆ ಸಂಖ್ಯೆ, 20 ಮೀಟರಿಗೆ ಎಣಿಸಿದ ಸುತ್ತು, ಈಗಿನ ಟೈರಿನ ಅಳತೆ, ಈ ಮೂರನ್ನು ಹಿಡಿದುಕೊಂಡು ಅಂಗಡಿಗೆ ಹೋದರೆ ಸರಿಯಾದ ಪಿನಿಯನ್ ಕೇಳಿ ತರಬಹುದು.